ಕಾವು

ಹಳಗನ್ನಡದ ತರಗತಿಯಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುವ ಪ್ರಶ್ನೆಯೊಂದಿದೆ. ಒಲೆಯ ಮೇಲೆ ನೀರು ಕಾಯುತ್ತದೆ, ಹುಡುಗ ದನ ಕಾಯುತ್ತಾನೆ, ತಾಯಿ ಮಗನ ದಾರಿ ಕಾಯುತ್ತಾಳೆ. ಈ ಮೂರೂ ಕಡೆ ಬರುವ ‘ಕಾಯ್’ ಒಂದೇ ಧಾತುವೇ? ನನ್ನ ಉತ್ತರ ಸಿದ್ಧವಾಗಿರುತ್ತದೆ. ಬಿಸಿಯಾಗು ಎಂಬರ್ಥದ ‘ಕಾಯ್’ ಬೇರೆ, ರಕ್ಷಿಸು ಎಂಬರ್ಥದ ‘ಕಾ’, ‘ಕಾಯ್’ ಬೇರೆ. ಮೊದಲನೆಯದರ ಬಳಗಕ್ಕೆ ಸೇರಿದವು ಕಾವು, ಕಾಸು, ಕಾಯಿಸು. ಎರಡನೆಯದರ ಬಳಗಕ್ಕೆ ಕಾಪು, ಕಾಪಾಡು, ಕಾವಲು. ನಿರೀಕ್ಷಿಸು ಎಂಬ ಅರ್ಥ ಕಾವಲಿನ ಅರ್ಥದಿಂದ ಬೆಳೆದದ್ದು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶವೂ ಇವನ್ನು ಬೇರೆ ಬೇರೆ ನಮೂದುಗಳಲ್ಲಿಯೇ ಕೊಡುತ್ತದೆ. ಧ್ವನಿಸಾಮ್ಯವನ್ನು ಕಂಡು ಮೂಲವೂ ಒಂದೇ ಎಂದು ಭಾವಿಸುವುದು ಜನನಿರುಕ್ತಿಯ ಹಾದಿ. ಸಂಶೋಧಕರು ಅದನ್ನು ತುಳಿಯಬಾರದು. ಇಷ್ಟು ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತೇನೆ.

ಈ ಉತ್ತರವನ್ನು ನಾನು ಇಂದಿಗೂ ಬದಲಿಸಿಲ್ಲ. ಆದರೆ ಅದನ್ನು ಹೇಳುವಾಗಲೆಲ್ಲ 2015ರ ಫೆಬ್ರವರಿ ತಿಂಗಳು, ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್, ಅಲ್ಲಿಯ ಹೆಪ್ಪುಗಟ್ಟಿದ ಜಲಾಶಯದ ನಡುವೆ ಉಳಿದಿದ್ದ ಒಂದಿಷ್ಟು ನೀರು ಕಣ್ಣ ಮುಂದೆ ಬರುತ್ತವೆ. ಆ ತಿಂಗಳ ಸಂಗತಿಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವ್ವ ಇರುವವರೆಗೆ ಬರೆಯಲಾಗಲಿಲ್ಲ. ನಾನು ಬರೆದುದನ್ನೆಲ್ಲ ಆಕೆ ಓದುತ್ತಿದ್ದಳು.

ನನ್ನ ತಮ್ಮ ಆಗ ಆ ನಗರದಲ್ಲಿ ನೌಕರಿಯಲ್ಲಿದ್ದ. ಜನವರಿಯ ಕೊನೆಯ ವಾರ ಅವನ ಹೆಂಡತಿಗೆ 29ನೆಯ ವಾರಕ್ಕೇ ಹೆರಿಗೆಯಾಯಿತು. ಹೆಣ್ಣುಮಗು, ತೂಕ 1,150 ಗ್ರಾಂ. ಎಪ್ಪತ್ತು ದಾಟಿದ ಅವ್ವ ಅಷ್ಟು ದೂರ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ. ಕಾಲೇಜಿಗೆ ರಜೆ ಹಾಕಿ ನಾನು ಹೊರಟೆ. ಹೊರಡುವ ಹಿಂದಿನ ರಾತ್ರಿ ಅವ್ವ ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಒಂದು ಕುಂಚಿಗೆಯನ್ನು ಹೊಲಿದು, ಒಂದು ಸಣ್ಣ ಕೌದಿಯೊಂದಿಗೆ ನನ್ನ ಪೆಟ್ಟಿಗೆಯಲ್ಲಿಟ್ಟಳು. ಅಲ್ಲಿಗೆ ಹೋಗಿ ನೋಡಿದರೆ ಆ ಕುಂಚಿಗೆ ಮಗುವಿನ ಇಡೀ ಮೈಯನ್ನೇ ಎರಡು ಸುತ್ತು ಸುತ್ತುವಷ್ಟು ದೊಡ್ಡದಿತ್ತು. ಕೂಸು ಪಾರದರ್ಶಕವಾದ ಇನ್‌ಕ್ಯುಬೇಟರಿನೊಳಗೆ ಮಲಗಿತ್ತು. ಅದರ ಚರ್ಮಕ್ಕೆ ಅಂಟಿಸಿದ ಸಣ್ಣದೊಂದು ತಂತಿ ಮೈಯ ಶಾಖವನ್ನು ಅಳೆದು ಹೊರಗಿನ ಪರದೆಯ ಮೇಲೆ ತೋರಿಸುತ್ತಿತ್ತು. 36.5 ಎಂಬ ಅಂಕಿ ಅಲ್ಲಿ ಕಂಡರೆ ನಮ್ಮ ಉಸಿರು ಹಗುರಾಗುತ್ತಿತ್ತು. ಒಳಗೆ ಹೋದೊಡನೆ ನಾವು ಮೊದಲು ನೋಡುತ್ತಿದ್ದುದು ಆ ಅಂಕಿಯನ್ನು. ಮಗುವಿನ ಮುಖವನ್ನು ಆಮೇಲೆ.

ತಂದೆತಾಯಿಯರ ಹೊರತು ಉಳಿದವರಿಗೆ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಪ್ರವೇಶವಿತ್ತು. ಮುಂಜಾನೆ ತಮ್ಮನಿಗೂ ಅವನ ಹೆಂಡತಿಗೂ ಬುತ್ತಿ ಕಟ್ಟಿಕೊಂಡು ಹೋದರೆ ನನ್ನ ಸರದಿ ಬರುವವರೆಗೆ ನಾಲ್ಕೈದು ಗಂಟೆ ಖಾಲಿ. ಕಾಯುವ ಕೋಣೆಯಲ್ಲಿ ಕುಳಿತವರ ಮುಖಗಳನ್ನು ನೋಡಲಾಗದೆ ನಾನು ಹೊರಗೆ ನಡೆಯತೊಡಗಿದೆ. ನಡಿಗೆಯ ದೂರದಲ್ಲಿಯೇ ಉದ್ಯಾನವಿತ್ತು.

ಸೆಂಟ್ರಲ್ ಪಾರ್ಕ್ ನೋಡುವವರಿಗೆ ಸಹಜವಾದ ಕಾಡುಗುಡ್ಡದಂತೆ ಕಂಡರೂ ಅದು ಮನುಷ್ಯರು ಯೋಜಿಸಿ ನಿರ್ಮಿಸಿದ್ದು. ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರ ವಿನ್ಯಾಸವನ್ನು 1858ರಲ್ಲಿ ಆಯ್ದು, ಬಂಡೆಗಳನ್ನು ಸಿಡಿಸಿ, ಮಣ್ಣು ತಂದು ಸುರಿದು, ಮರಗಳನ್ನು ನೆಟ್ಟು 843 ಎಕರೆಗಳ ಈ ಹಸಿರನ್ನು ಕಟ್ಟಿದರು. ಅದರೊಳಗಿನ ದೊಡ್ಡ ಜಲಾಶಯವೊಂದೇ 106 ಎಕರೆಯಷ್ಟಿದೆ. ಉದ್ಯಾನದ ನಡುವೆ ಬೆಲ್ವೆಡೀರ್ ಎಂಬ ಪುಟ್ಟ ಕೋಟೆಯ ಬಳಿ ಹವಾಮಾನ ಕೇಂದ್ರವಿದೆ. ನಾನು ಕಂಡ ಆ ಫೆಬ್ರವರಿ, 1934ರ ನಂತರ ಅಲ್ಲಿ ದಾಖಲಾದ ಅತ್ಯಂತ ಶೀತಲವಾದ ಫೆಬ್ರವರಿ. ಇಡೀ ತಿಂಗಳ ಸರಾಸರಿ ಉಷ್ಣತೆಯೇ ಸೊನ್ನೆಗಿಂತ ನಾಲ್ಕೂವರೆ ಡಿಗ್ರಿ ಕೆಳಗಿತ್ತು. ಜಲಾಶಯ ಹೆಪ್ಪುಗಟ್ಟಿ, ಅದರ ಮೇಲೆ ಹಿಮ ಬಿದ್ದು, ನೀರೆಲ್ಲಿ ನೆಲವೆಲ್ಲಿ ಎಂಬುದು ತಿಳಿಯದಂತೆ ಎಲ್ಲವೂ ಬೆಳ್ಳಗಾಗಿತ್ತು.

ಇಪ್ಪತ್ತು ವರ್ಷ ನಾನು ಋತುವರ್ಣನೆಯನ್ನು ಪಾಠ ಮಾಡಿದ್ದೆ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದು. ವಸಂತಕ್ಕೆ ಕೋಗಿಲೆ, ಮಳೆಗಾಲಕ್ಕೆ ನವಿಲು, ಶರತ್ತಿಗೆ ಹಂಸ ಎಂದು ನಮ್ಮ ಕವಿಗಳು ಹಕ್ಕಿಗಳನ್ನು ಹಂಚಿಕೊಟ್ಟಿದ್ದಾರೆ. ಮಾಗಿಗೆ ಸಿಕ್ಕಿದ್ದು ಮೌನವಾದ ಕೋಗಿಲೆ. ಇವುಗಳ ಜೊತೆಗೆ ಬೆಳದಿಂಗಳನ್ನು ಕುಡಿಯುವ ಚಕೋರ, ಇರುಳಾದರೆ ಸಂಗಾತಿಯನ್ನು ಅಗಲುವ ಜಕ್ಕವಕ್ಕಿ. ಇವೆಲ್ಲ ಕವಿಸಮಯಗಳು, ಇವುಗಳ ಸತ್ಯಾಸತ್ಯತೆಯನ್ನು ಕೇಳಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಜಕ್ಕವಕ್ಕಿಯ ವಿರಹದ ಮೇಲೆ ಒಂದು ಗಂಟೆ ಮಾತನಾಡಬಲ್ಲ ನಾನು ಒಂದು ಬಾತುಕೋಳಿಯನ್ನು ಹತ್ತು ನಿಮಿಷ ನಿಂತು ನೋಡಿದವಳಲ್ಲ.

ಹಾಗೆಂದು ಹಕ್ಕಿಗಳು ನನಗೆ ತೀರ ಅಪರಿಚಿತವಾಗಿಯೂ ಇರಲಿಲ್ಲ. ನಮ್ಮೂರು ಗದಗ ಜಿಲ್ಲೆಯದು, ಮಾಗಡಿ ಕೆರೆಗೆ ದೂರವಲ್ಲ. ಪ್ರತಿ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಆ ಕೆರೆಗೆ ಬಂದಿಳಿಯುತ್ತವೆ. ಸಂಜೆ ಅವು ಹೊಲಗಳ ಕಡೆಗೆ ಸಾಲುಗಟ್ಟಿ ಹಾರುವಾಗ ಅಪ್ಪ ನಮ್ಮನ್ನು ಅಂಗಳಕ್ಕೆ ಕರೆದು ತೋರಿಸುತ್ತಿದ್ದರು. ತಮ್ಮನಿಗೂ ಅದು ಮರೆತಿರಲಿಲ್ಲ. ನಾನು ಬಂದ ಮರುದಿನ ಅವನೇ ನನ್ನನ್ನು ಜಲಾಶಯದ ಅಂಚಿಗೆ ಕರೆದೊಯ್ದು, ಹಿಮದ ಮೇಲೆ ಕುತ್ತಿಗೆ ಹುದುಗಿಸಿ ಕುಳಿತಿದ್ದ ಕೆನಡಾ ಹೆಬ್ಬಾತುಗಳನ್ನು ತೋರಿಸಿ, “ಅಕ್ಕಾ, ನಮ್ಮ ಕೆರಿ ಹಕ್ಕಿ ಇದ್ದಂಗ ಅದಾವಲ್ಲ?” ಎಂದ. ಬಳಗ ಒಂದೇ ಇರಬಹುದು. ಆದರೆ ಮಾಗಡಿಯಲ್ಲಿ ನಾನು ಕಂಡದ್ದು ಹಿಮದಿಂದ ತಪ್ಪಿಸಿಕೊಂಡು ಬಂದವುಗಳನ್ನು. ಹಿಮದಲ್ಲಿಯೇ ಉಳಿದುಕೊಂಡವುಗಳನ್ನು ನಾನು ನೋಡಿದ್ದು ಅದೇ ಮೊದಲು.

ಜಲಾಶಯದ ಒಂದು ಕಡೆ, ದೊಡ್ಡ ಮನೆಯೊಂದರ ಅಂಗಳದಷ್ಟು ಜಾಗದಲ್ಲಿ ನೀರು ಇನ್ನೂ ತೆರೆದುಕೊಂಡಿತ್ತು. ಇಡೀ ಜಲಾಶಯದ ಬಾತುಗಳೆಲ್ಲ ಅಲ್ಲಿ ಸೇರಿದ್ದವು. ಹಸಿರು ತಲೆಯ ಮಲ್ಲಾರ್ಡ್‌ಗಳು, ನಾಮದ ಕೋಳಿಯ ಅಮೆರಿಕದ ಬಂಧುಗಳು, ನಮ್ಮ ಕೆರೆಗಳಿಗೂ ಚಳಿಗಾಲದಲ್ಲಿ ಬರುವ ಸಲಿಕೆಯಂಥ ಕೊಕ್ಕಿನ ಬಾತುಗಳು. ಈ ಸಲಿಕೆಕೊಕ್ಕಿನವು ಗುಂಪಾಗಿ ಕೊಕ್ಕನ್ನು ನೀರಿಗಿಳಿಸಿ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ. ಸುತ್ತಿದಾಗ ಕೆಳಗಿನ ಆಹಾರ ಮೇಲೆ ಬರುತ್ತದೆ. ಅಷ್ಟೊಂದು ಮೈಗಳ ನಿರಂತರ ಚಲನೆ ಆ ನೀರು ಬೇಗ ಹೆಪ್ಪುಗಟ್ಟದಂತೆಯೂ ಮಾಡುತ್ತಿತ್ತು. ಕೆಲವು ಬಾತುಗಳು ಮಂಜುಗಡ್ಡೆಯ ಮೇಲೆ ಒಂಟಿಕಾಲಿನಲ್ಲಿ ನಿಂತಿರುತ್ತಿದ್ದವು. ಬರಿಗಾಲು ಮರಗಟ್ಟುವುದಿಲ್ಲವೇಕೆ ಎಂಬ ನನ್ನ ಪ್ರಶ್ನೆಗೆ ಉತ್ತರ ಅವುಗಳ ರಕ್ತನಾಳಗಳ ರಚನೆಯಲ್ಲಿದೆ. ಕಾಲಿಗಿಳಿಯುವ ಬಿಸಿರಕ್ತದ ನಾಳವೂ ಮೇಲೇರುವ ತಣ್ಣನೆಯ ರಕ್ತದ ನಾಳವೂ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ಕೊಟ್ಟು ತಾನು ತಣ್ಣಗಾಗಿ ಪಾದವನ್ನು ಮುಟ್ಟುತ್ತದೆ. ಹೀಗೆ ಪಾದ ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗಿದ್ದು, ಒಡಲಿನ ಶಾಖ ಒಡಲಿನಲ್ಲಿಯೇ ಉಳಿಯುತ್ತದೆ.

ಜಲಾಶಯದ ದಕ್ಷಿಣಕ್ಕೆ ರ‍್ಯಾಂಬಲ್ ಎಂಬ ಗಿಡಮರಗಳ ದಟ್ಟ ಭಾಗವಿದೆ. ಅಲ್ಲಿ ಚಳಿಗಾಲದಲ್ಲಿ ಹಕ್ಕಿಪ್ರಿಯರು ಕೊಂಬೆಗಳಿಗೆ ಕಾಳಿನ ಕೊಳವೆಗಳನ್ನೂ ಕೊಬ್ಬಿನ ಪಂಜರಗಳನ್ನೂ ತೂಗುಹಾಕುತ್ತಾರೆ. ಕೆಂಪು ಕಾರ್ಡಿನಲ್, ನೀಲಿ ಜೇ, ಪುಟ್ಟ ಮರಕುಟಿಗ, ಬಿಳಿಗಂಟಲಿನ ಗುಬ್ಬಿ ಇವನ್ನೆಲ್ಲ ನಾನು ಗುರುತಿಸಲು ಕಲಿತದ್ದು ಅಲ್ಲಿಯೇ. ಮೊದಲ ದಿನ ಪೊದೆಯೊಳಗಿಂದ ಬಂದ ‘ಚಿಂವ್ ಚಿಂವ್’ ದನಿ ಕೇಳಿ ನಾನು ನಿಂತುಬಿಟ್ಟೆ. ಅದು ನಮ್ಮ ಗುಬ್ಬಚ್ಚಿ. ನಮ್ಮ ಮನೆಯ ಜಂತಿಯಲ್ಲಿ ಗೂಡು ಕಟ್ಟುತ್ತಿದ್ದ ಅದೇ ಜಾತಿ. 1850ರ ದಶಕದ ಆರಂಭದಲ್ಲಿ ಯೂರೋಪಿನಿಂದ ತಂದು ಬ್ರೂಕ್ಲಿನ್‌ನಲ್ಲಿ ಬಿಟ್ಟ ಗುಬ್ಬಿಗಳ ಸಂತತಿ ಆ ಖಂಡವನ್ನೆಲ್ಲ ತುಂಬಿದೆ. ಗೊರವಂಕದ ಬಂಧುವಾದ ಸ್ಟಾರ್ಲಿಂಗ್ ಹಕ್ಕಿಯೂ ಹಾಗೆಯೇ. 1890ರಲ್ಲಿ ಯೂಜೀನ್ ಶಿಫೆಲಿನ್ ಎಂಬಾತ ಸುಮಾರು ಅರವತ್ತು ಸ್ಟಾರ್ಲಿಂಗ್‌ಗಳನ್ನು ಇದೇ ಉದ್ಯಾನದಲ್ಲಿ ಬಿಟ್ಟ. ಷೇಕ್ಸ್‌ಪಿಯರ್ ಹೆಸರಿಸಿದ ಹಕ್ಕಿಗಳೆಲ್ಲ ಅಮೆರಿಕದಲ್ಲಿರಬೇಕೆಂಬ ಹಂಬಲದಿಂದ ಆತ ಹೀಗೆ ಮಾಡಿದನೆಂಬ ಕತೆ ಬಹಳ ಪ್ರಸಿದ್ಧ. 2021ರಲ್ಲಿ ಇಬ್ಬರು ಸಂಶೋಧಕರು ದಾಖಲೆಗಳನ್ನು ಪರಿಶೀಲಿಸಿ, ಆ ಹಂಬಲಕ್ಕೆ ಸಮಕಾಲೀನ ಆಧಾರವಿಲ್ಲವೆಂದೂ ಕತೆ ನಂತರ ಬೆಳೆದದ್ದೆಂದೂ ತೋರಿಸಿದರು. ಹಕ್ಕಿಗಳಿಗೂ ಜನನಿರುಕ್ತಿ ಇರುತ್ತದೆ!

ಆ ಕಾಳಿನ ಕೊಳವೆಗಳ ಬಳಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿಕಡೀ ಎಂಬ ಹಕ್ಕಿ. ಕಪ್ಪು ಟೊಪ್ಪಿಗೆ, ಬಿಳಿಯ ಕೆನ್ನೆ, ಹಿಡಿಗಿಂತ ಚಿಕ್ಕದಾದ ಮೈ. ತೂಕ ಹನ್ನೊಂದು ಗ್ರಾಂನ ಆಸುಪಾಸು. ಚಳಿಯಲ್ಲಿ ಗರಿಗಳನ್ನು ಉಬ್ಬಿಸಿ ಹತ್ತಿಯ ಉಂಡೆಯಂತಾಗಿ, ಒಂದು ಕಾಳನ್ನೆತ್ತಿಕೊಂಡು ಕೊಂಬೆಗೆ ಹಾರುತ್ತಿತ್ತು, ಕಾಲಡಿ ಒತ್ತಿ ಹಿಡಿದು ಕುಟ್ಟಿ ತಿನ್ನುತ್ತಿತ್ತು, ಮತ್ತೆ ಬರುತ್ತಿತ್ತು. ದೇಹ ಸಣ್ಣದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಶಾಖದ ಸೋರಿಕೆಯೂ ಹೆಚ್ಚು. ಹಗಲೆಲ್ಲ ತಿಂದು ಕೂಡಿಸಿದ ಕೊಬ್ಬನ್ನು ಈ ಹಕ್ಕಿ ಒಂದೇ ರಾತ್ರಿಯಲ್ಲಿ ಉರಿಸಿಬಿಡುತ್ತದೆ. ಇರುಳು ಮರದ ಪೊಟರೆಯೊಳಗೆ ಸೇರಿ, ಎದೆಯ ಸ್ನಾಯುಗಳನ್ನು ನಡುಗಿಸಿ ಶಾಖವನ್ನು ಹುಟ್ಟಿಸಿಕೊಳ್ಳುತ್ತದೆ. ಅಷ್ಟೂ ಸಾಲದಾದಾಗ ತನ್ನ ಮೈಯ ಉಷ್ಣತೆಯನ್ನೇ ಹತ್ತು ಹನ್ನೆರಡು ಡಿಗ್ರಿ ತಗ್ಗಿಸಿಕೊಂಡು, ಉರಿಯುವ ದೀಪದ ಬತ್ತಿಯನ್ನು ಒಳಗೆಳೆದಂತೆ, ಬೆಳಗಿನವರೆಗೆ ಉಳಿಯುತ್ತದೆ. ಬೆಳಗಾದಾಗ ಕೂಡಿಟ್ಟದ್ದು ಬಹುಪಾಲು ತೀರಿರುತ್ತದೆ. ಮತ್ತೆ ಮೊದಲಿನಿಂದ ಆರಂಭ.

ನಾನು ಲೆಕ್ಕ ಹಾಕಿದೆ. ನಮ್ಮ ಕೂಸಿನ ತೂಕ ನೂರು ಚಿಕಡೀಗಳಷ್ಟು. ಆದರೂ ಈ ಹಕ್ಕಿ ಬಲ್ಲದ್ದನ್ನು ಅದು ಬಲ್ಲದಾಗಿರಲಿಲ್ಲ. ದಿನ ತುಂಬದೆ ಹುಟ್ಟಿದ ಮಗುವಿನ ಚರ್ಮ ತೆಳು, ಅದರಡಿಯ ಕೊಬ್ಬು ಅತ್ಯಲ್ಪ. ನಡುಗಿ ಶಾಖ ಹುಟ್ಟಿಸುವ ಶಕ್ತಿಯೂ ಅದಕ್ಕಿಲ್ಲ. ಅದಕ್ಕಾಗಿಯೇ ಆ ಪೆಟ್ಟಿಗೆ. ಆ ಪೆಟ್ಟಿಗೆಯ ಮೂಲವೂ ಹಕ್ಕಿಗಳ ಲೋಕದಲ್ಲಿಯೇ ಇದೆ. 1870ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಪ್ರಸೂತಿ ವೈದ್ಯ ಸ್ಟೆಫಾನ್ ತಾರ್ನಿಯೇ, ಅಲ್ಲಿಯ ಪ್ರಾಣಿಸಂಗ್ರಹಾಲಯದಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅದೇ ಬಗೆಯದೊಂದನ್ನು ಶಿಶುಗಳಿಗಾಗಿ ಮಾಡಿಸಿದ. ನ್ಯೂಯಾರ್ಕಿನಲ್ಲಂತೂ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಕೋನಿ ಐಲೆಂಡಿನ ಜಾತ್ರೆಯಂಥ ಮನರಂಜನಾ ತಾಣದಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಮಕ್ಕಳನ್ನಿಟ್ಟು, ನೋಡಬಂದವರು ಕೊಟ್ಟ ಹಣದಿಂದಲೇ ಅವರನ್ನು ಸಾಕಿ ಬದುಕಿಸಿದ. ಕೋಳಿ ಮೊಟ್ಟೆಗೆ ‘ಕಾವು ಕೂರುತ್ತದೆ’ ಎಂಬ ನಮ್ಮ ಮಾತನ್ನು ನಾನು ಆ ಪೆಟ್ಟಿಗೆಯ ಮುಂದೆ ನಿಂತು ಎಷ್ಟೋ ಸಲ ನೆನೆದಿದ್ದೇನೆ.

ಪ್ರತಿ ಸಂಜೆ ಊರಿನಲ್ಲಿ ಬೆಳಗಾಗುವ ಹೊತ್ತಿಗೆ ಅವ್ವನಿಗೆ ಫೋನು ಮಾಡುತ್ತಿದ್ದೆ. ತೂಕ, ಹಾಲು, ಉಸಿರಾಟ ಯಾವುದನ್ನೂ ಆಕೆ ಕೇಳುತ್ತಿರಲಿಲ್ಲ. “ಕೂಸು ಬೆಚ್ಚಗೈತೇನವಾ?” ಇದೊಂದೇ ಪ್ರಶ್ನೆ. ಅದರ ಹಿಂದೆ ಏನಿತ್ತೆಂಬುದು ನನಗೆ ಗೊತ್ತಿತ್ತು. ನಾನು ಮೂರು ವರ್ಷದವಳಿದ್ದಾಗ, ತಮ್ಮ ಹುಟ್ಟುವುದಕ್ಕೆ ಮುಂಚೆ, ಅವ್ವನಿಗೆ ಏಳು ತಿಂಗಳಿಗೆ ಒಂದು ಗಂಡುಮಗು ಹುಟ್ಟಿತ್ತು. ಮಾಗಿಯ ದಿನಗಳು. ಅವ್ವನಿಗೆ ಜ್ವರ ಏರಿದ್ದರಿಂದ ಹಿರಿಯ ಹೆಂಗಸರು ಕೂಸನ್ನು ಆಕೆಯಿಂದ ಬೇರೆಯಿಟ್ಟು, ಹತ್ತಿಯಲ್ಲಿ ಸುತ್ತಿ, ಕೆಂಡದ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಮಲಗಿಸಿದ್ದರು. ಐದನೆಯ ರಾತ್ರಿ ಅದು ಹೋಯಿತು. ‘ಕಾವು ಸಾಲಲಿಲ್ಲ’ ಎಂದು ಮನೆಯಲ್ಲಿ ಹೇಳುತ್ತಿದ್ದರು. ಆ ಎರಡು ಶಬ್ದಗಳ ಆಚೆಗೆ ಯಾರೂ ಮಾತನ್ನು ಬೆಳೆಸುತ್ತಿರಲಿಲ್ಲ.

ಇದನ್ನೆಲ್ಲ ಬಲ್ಲ ನಾನೇ ಒಂದು ಸಂಜೆ ಎಡವಿದೆ. ಅಂದು ಮೊದಲ ಸಲ ಮಗುವನ್ನು ಪೆಟ್ಟಿಗೆಯಿಂದ ತೆಗೆದು ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿದ್ದರು. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1978ರಲ್ಲಿ, ಇನ್‌ಕ್ಯುಬೇಟರುಗಳು ಸಾಲದೆ ಬಂದಾಗ, ಎಡ್ಗರ್ ರೇ ಎಂಬ ವೈದ್ಯ ಆರಂಭಿಸಿದ ಪದ್ಧತಿ ಇದು. ಕಾಂಗರೂ ಆರೈಕೆ ಎಂದು ಹೆಸರು. ತಾಯಿಯ ಮೈಶಾಖವೇ ಕೂಸನ್ನು ಬೆಚ್ಚಗಿಡುತ್ತದೆ, ಅದರ ಉಸಿರು ಹದಕ್ಕೆ ಬರುತ್ತದೆ. ಹೊಸದೊಂದು ಶಾಸನ ಸಿಕ್ಕಿದವಳ ಉತ್ಸಾಹದಲ್ಲಿ ಇದನ್ನೆಲ್ಲ ನಾನು ಅವ್ವನಿಗೆ ವಿವರಿಸಿದೆ. ಪೆಟ್ಟಿಗೆಯಿಲ್ಲದ ಕಡೆಯೂ ಎದೆಗವಚಿಕೊಂಡೇ ಎಷ್ಟೋ ಮಕ್ಕಳನ್ನು ಉಳಿಸಿದ್ದಾರಂತೆ ಎಂದೆ. ಆ ಕಡೆಯಿಂದ ದನಿಯಿಲ್ಲ. ಬಹಳ ಹೊತ್ತಿನ ಮೇಲೆ ಅವ್ವ, “ಹಂಗಾರ ಅವತ್ತ ಕೂಸಿನ್ನ ನನ್ನ ಕಡೆ ಕೊಟ್ಟಿದ್ರ...” ಎಂದಳು. ಮಾತು ಅಲ್ಲಿಗೇ ನಿಂತಿತು. ನಾಲ್ಕು ದಶಕಗಳ ಹಿಂದೆ ಮುಚ್ಚಿದ ಕೆಂಡವನ್ನು ನಾನು ಕೆದಕಿದ್ದೆ. ತಿಳಿವಳಿಕೆಯನ್ನು ಯಾರ ಮುಂದೆ ಯಾವಾಗ ಹೇಳಬೇಕೆಂಬ ವಿವೇಕ ಯಾವ ಪದವಿಯಿಂದಲೂ ನನಗೆ ಬಂದಿರಲಿಲ್ಲ.

ಮರುದಿನ ಫೋನು ಮಾಡಲು ಹೆದರಿದ್ದೆ. ಅವ್ವ ಎಂದಿನ ಪ್ರಶ್ನೆಯನ್ನು ಕೇಳಲಿಲ್ಲ. “ನೀ ಹೇಳ್ತಿದ್ದೆಲ್ಲ, ಆ ಸಣ್ಣ ಹಕ್ಕಿ, ಅದಾವೇನು?” ಎಂದಳು. ಅದಾವವ್ವಾ ಎಂದೆ. ಅಂದಿನಿಂದ ನಮ್ಮ ಮಾತು ಹಕ್ಕಿಗಳಿಂದಲೇ ಆರಂಭವಾಗತೊಡಗಿತು. ಯಾವ ಹಕ್ಕಿ ಬಂದಿತ್ತು, ಏನು ತಿಂದಿತು, ರಾತ್ರಿ ಎಲ್ಲಿ ಮಲಗುತ್ತದೆ ಎಂದು ಅವ್ವ ಕೇಳುತ್ತಿದ್ದಳು. ಎಲ್ಲ ಹೇಳಿಯಾದ ಮೇಲೆ ಕಡೆಯಲ್ಲಿ, ದನಿ ತಗ್ಗಿಸಿ, ಕೂಸಿನ ವಿಷಯ.

ಫೆಬ್ರವರಿ 20ರ ಬೆಳಗ್ಗೆ ಉದ್ಯಾನದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 17 ಡಿಗ್ರಿ ಕೆಳಗಿಳಿದಿತ್ತು. ಹಿಂದಿನ ರಾತ್ರಿ ಮಗುವಿಗೆ ಎರಡು ಸಲ ಉಸಿರು ನಿಂತು ನಿಂತು ಬಂದಿತ್ತು, ತಮ್ಮ ಮಲಗಿರಲಿಲ್ಲ. ನಾನು ಎಂದಿನಂತೆ ರ‍್ಯಾಂಬಲ್‌ಗೆ ಹೋದೆ. ಹೋಗದಿದ್ದರೆ ಏನೋ ಕೆಡುಕಾದೀತು ಎಂಬ ಅರ್ಥವಿಲ್ಲದ ಭಯ ನನ್ನನ್ನು ಹಿಡಿದಿತ್ತು. ಕೊಳವೆಗಳ ಕೆಳಗೆ, ಪೊದೆಯ ಬುಡದಲ್ಲಿ, ಹಿಮದ ಮೇಲೆ ಒಂದು ಬಿಳಿಗಂಟಲಿನ ಗುಬ್ಬಿ ಬಿದ್ದಿತ್ತು. ಗರಿ ಕೆದರಿರಲಿಲ್ಲ, ಗಾಯವಿರಲಿಲ್ಲ. ಕೈಗವಸಿನ ಮೇಲೆತ್ತಿಕೊಂಡೆ. ತೂಕವೆಂಬುದೇ ಇರಲಿಲ್ಲ. ಅದಕ್ಕೆ ಆ ಒಂದು ರಾತ್ರಿಯ ಲೆಕ್ಕ ಕೂಡಿಬಂದಿರಲಿಲ್ಲ. ನೆಲ ಕಲ್ಲಾಗಿತ್ತು, ಹುಗಿಯುವಂತಿರಲಿಲ್ಲ. ಪೊದೆಯೊಳಗೆ ಒಣಗಿದ ಎಲೆಗಳ ನಡುವೆ ಇಟ್ಟೆ. ತಲೆಯೆತ್ತಿದಾಗ ಚಿಕಡೀಗಳು ಬಂದಿದ್ದವು, ಕಾಳನ್ನೆತ್ತಿಕೊಂಡು ಹೋಗುತ್ತಿದ್ದವು.

ಆ ಸಂಜೆ ಅವ್ವ ಕೇಳಿದಳು: “ಇವತ್ತ ಭಾಳ ಥಂಡಿ ಅಂತಲ್ಲ. ಹಕ್ಕಿ ಎಲ್ಲಾ ಅದಾವೇನು?”

“ಎಲ್ಲಾ ಅದಾವವ್ವಾ” ಎಂದೆ.

ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆಯಬಾರದೆಂದು ಸಂಶೋಧನಾ ವಿದ್ಯಾರ್ಥಿಗಳಿಗೆ ಹೇಳುವವಳು ನಾನು. ಅಂದು ಹೇಳಿದ ಸುಳ್ಳನ್ನು ತಿದ್ದಲು ಮುಂದೆ ಎಂದೂ ನನಗೆ ಧೈರ್ಯ ಬರಲಿಲ್ಲ. ತಿದ್ದಬೇಕೆಂಬ ಮನಸ್ಸೂ ಪೂರ್ತಿಯಾಗಿ ಇರಲಿಲ್ಲ.

ಮಾರ್ಚಿನ ನಡುವೆ ಮಂಜುಗಡ್ಡೆ ಅಂಚಿನಿಂದ ಕರಗುತ್ತ ಬಂದು ಬಾತುಗಳು ಜಲಾಶಯದ ತುಂಬ ಹರಡಿಕೊಂಡವು. ಆ ವಾರವೇ ಮಗು 1,700 ಗ್ರಾಂ ಮುಟ್ಟಿತು. ಅದನ್ನು ಪೆಟ್ಟಿಗೆಯಿಂದ ತೆಗೆದು ತೆರೆದ ತೊಟ್ಟಿಲಿಗೆ ಹಾಕಿದರು. ಮೊದಲ ರಾತ್ರಿ ತನ್ನ ಶಾಖವನ್ನು ತಾನೇ ಉಳಿಸಿಕೊಂಡಿತು. ಅಂದು ಫೋನಿನಲ್ಲಿ ನಾನೇ ಮೊದಲು ಹೇಳಿದೆ: ಅವ್ವಾ, ಕೂಸು ಬೆಚ್ಚಗೈತಿ. ಮನೆಗೆ ಬಂದ ಮೇಲೆ ಕುಂಚಿಗೆ ತೊಡಿಸಿ ತೆಗೆದ ಚಿತ್ರವನ್ನು ಅವ್ವ ಕೊನೆಯವರೆಗೂ ತನ್ನ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡಿದ್ದಳು. ಅದರ ಮೇಲಂಚಿನಲ್ಲಿ ಕಿಟಕಿಯಾಚೆಯ ಕೊಂಬೆಯ ಮೇಲೆ ಯಾವುದೋ ಹಕ್ಕಿ ಅಸ್ಪಷ್ಟವಾಗಿ ಕಾಣುತ್ತದೆ. ಯಾವುದೆಂದು ಗುರುತಿಸಲು ನನಗೂ ಆಗಿಲ್ಲ.

ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದಾದ ಮೇಲಿನ ಒಂದು ಡಿಸೆಂಬರಿನಲ್ಲಿ ತಮ್ಮ ಮಗಳನ್ನು ಕರೆದುಕೊಂಡು ಬಂದಿದ್ದ. ಹೆಬ್ಬಾತುಗಳು ಏಳುವುದನ್ನು ನೋಡುತ್ತ ಆಕೆ, ಇವೆಲ್ಲ ಇಷ್ಟು ದೂರ ಏಕೆ ಬರುತ್ತವೆ ಅತ್ತೆ ಎಂದು ಕೇಳಿದಳು. ಅಲ್ಲಿ ನೀರು ಹೆಪ್ಪುಗಟ್ಟುತ್ತದೆ, ಮೇವು ಸಿಗುವುದಿಲ್ಲ ಎಂದೆ. ಹಾಗಾದರೆ ಬರಲಾಗದೆ ಅಲ್ಲೇ ಉಳಿದವು? ಎಂದಳು. ಆ ಪ್ರಶ್ನೆಗೆ ಉತ್ತರವಾಗಿ ಈ ಬರಹವನ್ನು ಆರಂಭಿಸಿದೆ.

ತರಗತಿಯಲ್ಲಿ ಆ ಹಳೆಯ ಪ್ರಶ್ನೆ ಬಂದಾಗ ಈಗಲೂ ಧಾತುಗಳು ಎರಡು ಎಂದೇ ಹೇಳುತ್ತೇನೆ. ಆಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಕೋಳಿಯೊಂದು ಮೂರು ವಾರ ಮೊಟ್ಟೆಗಳ ಮೇಲೆ ಕುಳಿತಿದೆ. ಅದು ಶಾಖ ಕೊಡುತ್ತಿದೆ, ಕಾವಲಿದೆ, ಮರಿಗಳಿಗಾಗಿ ನಿರೀಕ್ಷಿಸುತ್ತಿದೆ. ಈ ಮೂರರಲ್ಲಿ ಯಾವುದು ಎಲ್ಲಿ ಮುಗಿಯಿತೆಂದು ಆ ಕೋಳಿಯನ್ನು ನೋಡಿ ಹೇಳಬಲ್ಲಿರಾ? ತರಗತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತೇನೆ.